ಸಭೆಯೆಲ್ಲ ಆಮೆನ್ ಅನ್ನುವಂಥ ಪ್ರಾರ್ಥನೆ ಸಿದ್ಧಪಡಿಸುವುದು ಹೇಗೆ?

"ಮುಂದಿನ ಭಾನುವಾರದ ಪ್ರಾರ್ಥನೆ ನಿಮ್ಮದು" ಅಂತ ಸಭಾಪಾಲಕರು ಹೇಳಿ ಹೋಗಿಬಿಡುತ್ತಾರೆ. ಆಮೇಲೆ ಶುರು ಚಿಂತೆ. ಏನು ಹೇಳಬೇಕು? ಎಷ್ಟು ಹೊತ್ತು? ಬರೆದುಕೊಂಡು ಓದಬಹುದಾ? ಯಾರ ಯಾರ ಹೆಸರು ತೆಗೆದುಕೊಳ್ಳಬೇಕು? ಓದುಗರು ಬರೆದು ಕೇಳುವ ಪ್ರಶ್ನೆಗಳು ಸುತ್ತಿ ಬಳಸಿ ಇವೇ. ಜೊತೆಗೆ ಇನ್ನೊಂದು: ಆರಾಧನೆಗೆ, ಸೇವೆಗೆ, ಐಕ್ಯತೆಗೆ ಅಂತ ಬೇರೆ ಬೇರೆ ಪ್ರಾರ್ಥನೆ ಬರೆಯಲು ಕೂತರೆ ಮೂರೂ ಒಂದೇ ಥರ ಕೇಳಿಸುತ್ತವೆ, ಏನು ಮಾಡಲಿ?

ನಾನಿಲ್ಲಿ ಹೇಳುವುದು ಮನೆಯಲ್ಲಿ ಒಬ್ಬರೇ ಮಾಡುವ ಪ್ರಾರ್ಥನೆಯ ಬಗ್ಗೆ ಅಲ್ಲ. ಸೇರಿದವರೆಲ್ಲರ ಪರವಾಗಿ ಒಬ್ಬರು ದನಿಯೆತ್ತಿ ಮಾಡುವ ಪ್ರಾರ್ಥನೆಯ ಬಗ್ಗೆ. ಒಬ್ಬರೇ ಇದ್ದಾಗ ತಡವರಿಸಬಹುದು, ಅಳಬಹುದು, ಅರ್ಧಕ್ಕೇ ನಿಲ್ಲಿಸಬಹುದು. ಸಭೆಯ ಮುಂದೆ ನಿಂತಾಗ ಹಾಗಲ್ಲ. ನಿಮ್ಮ ಮಾತು ಅಲ್ಲಿ ಕೂತವರೆಲ್ಲರ ಮಾತಾಗಬೇಕು. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೇ ಅಧ್ಯಾಯದಲ್ಲಿ ಇದನ್ನೇ ಕೇಳುತ್ತಾನೆ: ನೀನು ಹೇಳಿದ್ದು ತಿಳಿಯದಿದ್ದರೆ ಕೇಳುವವನು ಆಮೆನ್ ಅನ್ನುವುದಾದರೂ ಹೇಗೆ? ಎರಡನೇ ಶತಮಾನದ ಮಧ್ಯಭಾಗದಲ್ಲಿ ರೋಮಿನಲ್ಲಿದ್ದ ಹುತಾತ್ಮ ಜಸ್ಟಿನ್ ಆಗಿನ ಭಾನುವಾರದ ಆರಾಧನೆಯನ್ನು ವಿವರಿಸಿದ್ದಾನೆ. ಶಾಸ್ತ್ರವಾಚನ, ಬೋಧನೆ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಎದ್ದು ಪ್ರಾರ್ಥಿಸುತ್ತಿದ್ದರು. ಆರಾಧನೆ ನಡೆಸುವವರ ಪ್ರಾರ್ಥನೆಗೆ ಜನ ಆಮೆನ್ ಅಂತ ದನಿಗೂಡಿಸುತ್ತಿದ್ದರು.

ಹಾಗಾಗಿ ಪ್ರಾರ್ಥನೆಯ ಕೊನೆಯ ಮಾತು ನಿಮ್ಮದಲ್ಲ, ಜನರದ್ದು. ಮುಂದೆ ಹೇಳುವ ಎಲ್ಲಕ್ಕೂ ಅಳತೆ ಇದೊಂದೇ: ಈ ಸಾಲಿಗೆ ಇಲ್ಲಿರುವ ಪ್ರತಿಯೊಬ್ಬರೂ ಮನಸಾರೆ ಆಮೆನ್ ಅನ್ನಬಹುದಾ?

ಬೇಕಾಗುವ ಸಾಮಾನು

ಜಾಸ್ತಿ ಏನೂ ಬೇಡ. ಆ ದಿನದ ಆರಾಧನಾ ಕ್ರಮ. ಓದಲಿರುವ ಸತ್ಯವೇದ ಭಾಗಗಳು. ಪ್ರಾರ್ಥನೆ ಕೋರಿದವರ ಪಟ್ಟಿ. ಒಂದು ಹಾಳೆ, ಪೆನ್ನು. ನೀವು ಓದಿದ್ದನ್ನು ಕೇಳಿಸಿಕೊಂಡು ಮುಲಾಜಿಲ್ಲದೆ "ಇದು ಅರ್ಥ ಆಗ್ಲಿಲ್ಲ" ಅನ್ನುವ ಒಬ್ಬರು. ಸಮಯ ಮೂರು ನಾಲ್ಕು ದಿನ ಮೊದಲಿನಿಂದ ಸಿಕ್ಕರೆ ಒಳ್ಳೆಯದು. ಶನಿವಾರ ರಾತ್ರಿ ಬರೆಯಲು ಕೂತರೆ ಹಳೇ ಮಾತುಗಳೇ ಬರುತ್ತವೆ.

ಕೆಲವು ಪದಗಳು ಮುಂದೆ ಬರುತ್ತವೆ. ಬೇರೆಯವರ ಪರವಾಗಿ ದೇವರ ಮುಂದೆ ಬೇಡಿಕೊಳ್ಳುವುದು ಮಧ್ಯಸ್ಥಿಕೆಯ ಪ್ರಾರ್ಥನೆ. ಕೆಲವು ಸಭೆಗಳಲ್ಲಿ ಇದನ್ನೇ ವಿಜ್ಞಾಪನೆ ಅಥವಾ ವಿಶ್ವಾಸಿಗಳ ಪ್ರಾರ್ಥನೆ ಅನ್ನುತ್ತಾರೆ. ನಡೆಸುವವರು ಒಂದು ಸಾಲು ಹೇಳಿದ ಮೇಲೆ ಜನ ಹೇಳುವ ಸಾಲು ಪ್ರತ್ಯುತ್ತರ. ಹೀಗೆ ಸಾಲು, ಪ್ರತ್ಯುತ್ತರ, ಸಾಲು, ಪ್ರತ್ಯುತ್ತರ ಅಂತ ಸಾಗುವ ಪ್ರಾರ್ಥನೆ ಲಿಟನಿ. ಒಂದೇ ಬೇಡಿಕೆ ಇರುವ, ನಾಲ್ಕೈದು ಸಾಲಿನ ಬಿಗಿಯಾದ ಪ್ರಾರ್ಥನೆ ಕಲೆಕ್ಟ್. ಇಷ್ಟು ಗೊತ್ತಿದ್ದರೆ ಸಾಕು.

ಹಂತ 1: ಯಾವ ಪ್ರಾರ್ಥನೆ ಅಂತ ಕೇಳಿ

"ಪ್ರಾರ್ಥನೆ ಮಾಡಿ" ಅಂದರೆ ಯಾವುದು? ಆರಂಭದ ಪ್ರಾರ್ಥನೆಯಾ, ಪಾಪ ಅರಿಕೆಯಾ, ಮಧ್ಯಸ್ಥಿಕೆಯಾ, ಕಾಣಿಕೆಯ ಮೇಲಿನದಾ, ಮುಕ್ತಾಯದ್ದಾ? ಪ್ರತಿಯೊಂದಕ್ಕೂ ಅದರದೇ ಕೆಲಸ ಇದೆ. ಕೇಳದೆ ಹೋದವರು ಎಲ್ಲವನ್ನೂ ಒಂದರಲ್ಲೇ ತುಂಬುತ್ತಾರೆ. ಆರಂಭದಲ್ಲೇ ಕಾಯಿಲೆಯವರು, ಪರೀಕ್ಷೆ ಬರೆಯುವವರು, ಬೋಧಕರು, ದೇಶ ಎಲ್ಲ ಮುಗಿದುಹೋಗುತ್ತದೆ. ಆಮೇಲೆ ಮಧ್ಯಸ್ಥಿಕೆಗೆ ನಿಂತವರಿಗೆ ಹೇಳಲು ಏನೂ ಉಳಿದಿರುವುದಿಲ್ಲ.

ನಿಮ್ಮ ಮೊದಲು ಏನಿದೆ, ನಂತರ ಏನಿದೆ ಅಂತಲೂ ನೋಡಿಕೊಳ್ಳಿ. ಪಾಪ ಅರಿಕೆ ಮುಗಿದು ಕ್ಷಮೆಯ ವಾಕ್ಯ ಓದಿದ ಮೇಲೆ ನೀವು ಮತ್ತೆ ಹತ್ತು ಸಾಲು ತಪ್ಪೊಪ್ಪಿಗೆ ಮಾಡಿದರೆ ಆ ಕ್ಷಮೆಯ ಮಾತನ್ನು ಯಾರೂ ನಂಬಲಿಲ್ಲವೇನೋ ಅನ್ನಿಸುತ್ತದೆ.

ಹಂತ 2: ಆ ದಿನದ ವಾಚನಗಳನ್ನು ಓದಿ

ಬೋಧನೆಯ ಸಾರಾಂಶ ಮಾಡಲು ಅಲ್ಲ. ಒಂದು ಚಿತ್ರ, ಒಂದು ಕ್ರಿಯೆ ಸಿಕ್ಕರೆ ಸಾಕು: ಬಾಗಿಲು ತಟ್ಟುವುದು, ಬಲೆ ಬೀಸುವುದು, ಕಾಲು ತೊಳೆಯುವುದು. ಅದನ್ನು ಬರೆದಿಟ್ಟುಕೊಳ್ಳಿ. ಮುಂದೆ ಕೆಲಸಕ್ಕೆ ಬರುತ್ತದೆ.

ಹಂತ 3: ಯಾರಿಗಾಗಿ? ಪಟ್ಟಿ ಮಾಡಿ, ಆಮೇಲೆ ಸೋಸಿ

ತಿಮೊಥೆಯನಿಗೆ ಬರೆದ ಮೊದಲ ಪತ್ರದ 2ನೇ ಅಧ್ಯಾಯ ಎಲ್ಲ ಮನುಷ್ಯರಿಗಾಗಿ ಪ್ರಾರ್ಥಿಸಿ ಅನ್ನುತ್ತದೆ. ಅರಸರನ್ನೂ ಅಧಿಕಾರದಲ್ಲಿರುವವರನ್ನೂ ಹೆಸರಿಸಿ ಹೇಳುತ್ತದೆ. ಈ ವಿಶಾಲ ನೋಟ ನಮ್ಮ ಪ್ರಾರ್ಥನೆಗಳಲ್ಲಿ ಬೇಗ ಕಳೆದುಹೋಗುತ್ತದೆ. ಗಮನಿಸಿ ನೋಡಿ: ಅನೇಕ ಸಭೆಗಳಲ್ಲಿ ಪ್ರಾರ್ಥನೆ ಪೂರ್ತಿ ಸಭೆಯೊಳಗಿನವರ ಬಗ್ಗೆಯೇ ಇರುತ್ತದೆ.

ಇದಕ್ಕೆ ಕ್ಯಾಥೊಲಿಕ್ ಸಭೆಯ ಕ್ರಮ ಒಳ್ಳೆಯ ನೆರವು. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ಆರಾಧನಾವಿಧಿಯ ದಾಖಲೆ ವಿಶ್ವಾಸಿಗಳ ಪ್ರಾರ್ಥನೆಯನ್ನು ಪೂಜೆಯಲ್ಲಿ ಮತ್ತೆ ಸೇರಿಸಿತು. ಸಾಮಾನ್ಯವಾಗಿ ಅಲ್ಲಿ ಬೇಡಿಕೆಗಳು ಈ ಕ್ರಮದಲ್ಲಿ ಬರುತ್ತವೆ: ಧರ್ಮಸಭೆಯ ಅಗತ್ಯಗಳು, ಆಳುವವರು ಮತ್ತು ಇಡೀ ಲೋಕ, ಕಷ್ಟದಲ್ಲಿರುವವರು, ಸ್ಥಳೀಯ ಸಮುದಾಯ. ನೋಡಿ, ಹೊರಗಿನಿಂದ ಒಳಕ್ಕೆ ಬರುತ್ತದೆ. "ನಾವು" ಕೊನೆಯಲ್ಲಿ. ನಿಮ್ಮದು ಯಾವ ಸಭೆಯೇ ಆಗಲಿ, ಈ ನಾಲ್ಕು ತಲೆಬರಹ ಹಾಳೆಯ ಮೇಲೆ ಬರೆದು ತುಂಬುತ್ತಾ ಹೋಗಿ. ಯಾವುದು ಖಾಲಿ ಉಳಿಯಿತೋ ಅಲ್ಲೇ ನಿಮ್ಮ ಸಭೆ ಮರೆತದ್ದು ಇದೆ.

ಇನ್ನು ಹೆಸರುಗಳ ವಿಷಯ. ಇಲ್ಲಿ ಸ್ವಲ್ಪ ನಿಧಾನಿಸೋಣ, ಯಾಕೆಂದರೆ ಜನರಿಗೆ ನಿಜವಾದ ನೋವಾಗುವುದು ಇಲ್ಲೇ.

ಅನುಮತಿ ಇಲ್ಲದೆ ಯಾರ ಹೆಸರನ್ನೂ ಕಾಯಿಲೆಯ ಜೊತೆ ಜೋಡಿಸಬೇಡಿ. "ಆಸ್ಪತ್ರೆಯಲ್ಲಿರುವ ನಮ್ಮ ಸಹೋದರಿ" ಅನ್ನುವುದಕ್ಕೂ ಅವರಿಗೆ ಯಾವ ಆಪರೇಷನ್ ಆಯಿತು ಅಂತ ಹೇಳುವುದಕ್ಕೂ ಬಹಳ ಅಂತರ ಇದೆ. ಮನೆಯ ಜಗಳ, ಮದುವೆ ಮುರಿದದ್ದು, ಕುಡಿತ, ಸಾಲ, ಗರ್ಭಪಾತ, ಮಾನಸಿಕ ಕಾಯಿಲೆ ಇವುಗಳಲ್ಲಿ ಹೆಸರು ಬೇಡವೇ ಬೇಡ. ಸಂಬಂಧಪಟ್ಟವರೇ ಕೇಳಿಕೊಂಡಿದ್ದರೆ ಮಾತ್ರ, ಅದೂ ಅವರು ಒಪ್ಪಿದ ಮಾತುಗಳಲ್ಲೇ. ತಂದೆ ತಾಯಿ ಬಂದು ಬೆಳೆದ ಮಗನ ಬಗ್ಗೆ ಪ್ರಾರ್ಥಿಸಿ ಅಂದರೆ ಮಗ ಒಪ್ಪಿದ್ದಾನಾ ಅಂತ ಕೇಳಿ. ಆರಾಧನೆ ಆನ್‌ಲೈನ್‌ನಲ್ಲಿ ಪ್ರಸಾರವಾಗುತ್ತಿದ್ದರೆ ಇನ್ನೂ ಎಚ್ಚರ. ಸಭೆಯೊಳಗೆ ಹೇಳಿದ್ದು ಸಭೆಯೊಳಗೆ ಉಳಿಯುವುದಿಲ್ಲ, ವಿಡಿಯೊ ವರ್ಷಗಟ್ಟಲೆ ಅಲ್ಲೇ ಇರುತ್ತದೆ.

ತೀರಿಕೊಂಡವರ ವಿಷಯದಲ್ಲಿ ಸಭೆಗಳ ನಡುವೆ ಭೇದ ಇದೆ. ಕ್ಯಾಥೊಲಿಕ್ ಮತ್ತು ಆರ್ಥಡಾಕ್ಸ್ ಸಭೆಗಳು ಮೃತರಿಗಾಗಿ ಪ್ರಾರ್ಥಿಸುತ್ತವೆ. ಹೆಚ್ಚಿನ ಪ್ರಾಟೆಸ್ಟೆಂಟ್ ಸಭೆಗಳು ಅವರ ಬದುಕಿಗಾಗಿ ದೇವರಿಗೆ ಕೃತಜ್ಞತೆ ಹೇಳಿ, ದುಃಖದಲ್ಲಿರುವ ಮನೆಯವರಿಗಾಗಿ ಬೇಡುತ್ತವೆ. ಎಲ್ಲರೂ ಸೇರಿದ ಕೂಟವಾದರೆ ಕೃತಜ್ಞತೆ ಮತ್ತು ಸಾಂತ್ವನ, ಇವೆರಡಕ್ಕೇ ನಿಲ್ಲಿಸಿ. ಅದಕ್ಕೆ ಎಲ್ಲರೂ ಆಮೆನ್ ಅನ್ನುತ್ತಾರೆ.

ಆಳುವವರಿಗಾಗಿ ಪ್ರಾರ್ಥಿಸುವಾಗ ಹುದ್ದೆ ಹೇಳಿ, ಪಕ್ಷ ಬೇಡ. ನ್ಯಾಯ, ವಿವೇಕ, ದುರ್ಬಲರ ಕಾಳಜಿ ಇವನ್ನು ಬೇಡಿಕೊಳ್ಳಿ. ಯಾರು ಗೆಲ್ಲಬೇಕು ಅಂತ ದೇವರಿಗೆ ಸೂಚನೆ ಕೊಟ್ಟರೆ ಅರ್ಧ ಸಭೆಯ ಬಾಯಿ ಕಟ್ಟಿದಂತೆ.

ಹಂತ 4: ಒಂದು ಚಿಕ್ಕ ಪ್ರಾರ್ಥನೆಯ ಎಲುಬುಗಳು

ಉದ್ದದ್ದು ಬರೆಯುವ ಮೊದಲು ಚಿಕ್ಕದ್ದು ಬರೆಯಲು ಕಲಿಯಿರಿ. ಕಲೆಕ್ಟ್‌ನ ಹಂದರ ತುಂಬಾ ಹಳೆಯದು. ಲ್ಯಾಟಿನ್‌ನಲ್ಲಿ ಬೆಳೆದ ಈ ಪುಟ್ಟ ಪ್ರಾರ್ಥನೆಗಳಲ್ಲಿ ಅನೇಕವನ್ನು ಇಂಗ್ಲೆಂಡಿನ ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್ 1549ರ ಪ್ರಾರ್ಥನಾ ಪುಸ್ತಕದ ಮೂಲಕ ಇಂಗ್ಲಿಷಿಗೆ, ಅಂದರೆ ಅಲ್ಲಿನ ಜನರ ಮಾತಿಗೆ ತಂದ. ಕಲೆಕ್ಟ್‌ನಲ್ಲಿ ಐದು ಭಾಗ: ದೇವರನ್ನು ಕರೆಯುವುದು, ಆತ ಏನು ಮಾಡಿದ್ದಾನೆ ಅಂತ ನೆನೆಯುವುದು, ಒಂದು ಬೇಡಿಕೆ, ಆ ಬೇಡಿಕೆಯಿಂದ ಏನಾಗಲಿ ಅನ್ನುವುದು, ಕ್ರಿಸ್ತನ ಮೂಲಕ ಮುಕ್ತಾಯ. ಒಂದು ಉದಾಹರಣೆ:

ತಂದೆಯಾದ ದೇವರೇ,
ಅಡವಿಯಲ್ಲಿ ಒಬ್ಬಳೇ ಇದ್ದ ಹಾಗರಳನ್ನು ನೀನು ಕಂಡೆ.
ಯಾರೂ ವಿಚಾರಿಸದೆ ಒಂಟಿಯಾದವರನ್ನು ನಮ್ಮ ಕಣ್ಣಿಗೂ ಕಾಣಿಸು.
ಈ ವಾರ ಅವರ ಬಾಗಿಲು ನಾವು ತಟ್ಟುವಂತಾಗಲಿ.
ನಮ್ಮ ಕರ್ತನಾದ ಯೇಸು ಕ್ರಿಸ್ತನ ಮೂಲಕ ಬೇಡುತ್ತೇವೆ. ಆಮೆನ್.

ಎರಡನೇ ಸಾಲು ಇಲ್ಲದಿದ್ದರೆ ನೋಡಿ, ಪ್ರಾರ್ಥನೆ ಬರೀ ಕೋರಿಕೆಯ ಪಟ್ಟಿ ಆಗುತ್ತದೆ. ದೇವರು ಹಿಂದೆ ಮಾಡಿದ್ದನ್ನು ನೆನೆದಾಗಲೇ ಕೇಳಲು ಧೈರ್ಯ ಬರುವುದು. ಅಪೊಸ್ತಲರ ಕೃತ್ಯಗಳು 4ನೇ ಅಧ್ಯಾಯದಲ್ಲಿ ಬೆದರಿಕೆಗೆ ಒಳಗಾದ ಶಿಷ್ಯರ ಪ್ರಾರ್ಥನೆಯೂ ಹೀಗೇ ಇದೆ. ಮೊದಲು ಭೂಮ್ಯಾಕಾಶಗಳನ್ನು ಉಂಟುಮಾಡಿದವನು ನೀನು ಅನ್ನುತ್ತಾರೆ, ಕೀರ್ತನೆಯ ಮಾತನ್ನು ನೆನೆಯುತ್ತಾರೆ, ಬೇಡಿಕೆ ಕೊನೆಗೆ. ಅದೂ ಶತ್ರುಗಳನ್ನು ನಾಶಮಾಡು ಅಂತ ಅಲ್ಲ, ಮಾತನಾಡಲು ಧೈರ್ಯ ಕೊಡು ಅಂತ.

ಸಾಮಾನ್ಯ ತಪ್ಪು: ಒಂದು ಕಲೆಕ್ಟ್‌ನಲ್ಲಿ ನಾಲ್ಕು ಬೇಡಿಕೆ ತುರುಕುವುದು. ಒಂದು ಸಾಕು.

ಹಂತ 5: ಮೂರು ವಿಷಯ, ಮೂರು ದಾರಿ

ಮೂರು ಪ್ರಾರ್ಥನೆಗಳೂ ಒಂದೇ ಥರ ಕೇಳಿಸಲು ಕಾರಣ, ಎಲ್ಲದರಲ್ಲೂ ನಾವು "ನಮ್ಮನ್ನು ಆಶೀರ್ವದಿಸು" ಅಂತಲೇ ಬರೆಯುತ್ತೇವೆ. ಆರಾಧನೆಯ ಪ್ರಾರ್ಥನೆಯಲ್ಲಿ ಕೆಲಸ ಮಾಡುವವನು ದೇವರು. ಸೇವೆಯ ಪ್ರಾರ್ಥನೆಯಲ್ಲಿ ನಾವೂ ಕೆಲಸಕ್ಕೆ ಇಳಿಯುತ್ತೇವೆ. ಐಕ್ಯತೆಯ ಪ್ರಾರ್ಥನೆಯಲ್ಲಿ ಬದಲಾಗಬೇಕಾದವರು ನಾವು. ಇಷ್ಟು ಮನಸ್ಸಿನಲ್ಲಿದ್ದರೆ ಬೇರೆ ಬೇರೆ ಪ್ರಾರ್ಥನೆ ತಾನಾಗಿ ಬರುತ್ತದೆ.

ಆರಾಧನೆಗೆ

ಇಲ್ಲಿ ಬೇಡಿಕೆ ಕಡಿಮೆ ಇರಲಿ. ದೇವರು ಯಾರು, ಏನು ಮಾಡಿದ್ದಾನೆ, ಅಷ್ಟೇ. "ಮಹೋನ್ನತನೇ, ಪರಾಕ್ರಮಿಯೇ, ಅದ್ಭುತಸ್ವರೂಪನೇ" ಅಂತ ಬಿರುದುಗಳ ಸಾಲು ಹಾಕುವ ಬದಲು ಮಾಡಿದ ಕೆಲಸ ಹೇಳಿ. 136ನೇ ಕೀರ್ತನೆ ಇದಕ್ಕೆ ಪಾಠಶಾಲೆ. ಅದರ 26 ವಚನಗಳಲ್ಲಿ ಪ್ರತಿಯೊಂದೂ "ಆತನ ಕೃಪೆಯು ಶಾಶ್ವತವಾದದ್ದು" ಅಂತಲೇ ಮುಗಿಯುತ್ತದೆ. ಸೃಷ್ಟಿ, ಐಗುಪ್ತದಿಂದ ಬಿಡುಗಡೆ, ಅಡವಿಯ ಪ್ರಯಾಣ, ಕೊನೆಗೆ ಎಲ್ಲ ಜೀವಿಗಳಿಗೂ ಆಹಾರ. ಅದೇ ಅಚ್ಚಿನಲ್ಲಿ ನೀವೂ ಬರೆಯಬಹುದು:

ದೇವರೇ, ಬೆಳಕಾಗಲಿ ಅಂದೆ, ಬೆಳಕಾಯಿತು.
ಎಲ್ಲರೂ: ನಿನ್ನ ಕೃಪೆ ಶಾಶ್ವತ.
ದಾಸತ್ವದಲ್ಲಿದ್ದವರ ಕೂಗು ಕೇಳಿ ಬಿಡಿಸಿದೆ.
ಎಲ್ಲರೂ: ನಿನ್ನ ಕೃಪೆ ಶಾಶ್ವತ.
ನಿನ್ನ ಮಗನನ್ನು ಸಮಾಧಿಯಿಂದ ಎಬ್ಬಿಸಿದೆ.
ಎಲ್ಲರೂ: ನಿನ್ನ ಕೃಪೆ ಶಾಶ್ವತ.
ನಮ್ಮಲ್ಲಿ ಹಾಡುತ್ತಾ ಬಂದವರಿದ್ದೇವೆ, ಅಳುತ್ತಾ ಬಂದವರೂ ಇದ್ದೇವೆ. ಹಾಡನ್ನೂ ಅಳುವನ್ನೂ ಕೇಳಿಸಿಕೋ.
ಎಲ್ಲರೂ: ನಿನ್ನ ಕೃಪೆ ಶಾಶ್ವತ.

ಕೊನೆಯ ಸಾಲನ್ನು ಬೇಕಂತಲೇ ಹಾಕಿದ್ದೇನೆ. "ನಾವೆಲ್ಲರೂ ಸಂತೋಷದಿಂದ ಕೂಡಿಬಂದಿದ್ದೇವೆ" ಅನ್ನುವ ಸಾಲು ಬಹಳ ಸಲ ಕೇಳುತ್ತೇವೆ. ಹೋದ ವಾರ ಗಂಡನನ್ನು ಮಣ್ಣುಮಾಡಿದ ಹೆಂಗಸು ಅದಕ್ಕೆ ಆಮೆನ್ ಅನ್ನುವುದು ಹೇಗೆ? ಕೀರ್ತನೆಗಳ ಪುಸ್ತಕದಲ್ಲೇ ಪ್ರಲಾಪಗಳು ಬೇಕಾದಷ್ಟಿವೆ. 13ನೇ ಕೀರ್ತನೆ ಶುರುವಾಗುವುದೇ "ಎಷ್ಟು ಕಾಲ?" ಅನ್ನುವ ಪ್ರಶ್ನೆಯಿಂದ. ದುಃಖಕ್ಕೆ ಒಂದು ಸಾಲಾದರೂ ಜಾಗ ಬಿಡಿ.

ಸೇವೆಗೆ

ಯಾಕೋಬನ ಪತ್ರದ 2ನೇ ಅಧ್ಯಾಯದಲ್ಲಿ ಒಂದು ಖಾರದ ಮಾತಿದೆ. ಬಟ್ಟೆಯಿಲ್ಲದ, ಹಸಿದ ಸಹೋದರನಿಗೆ ಏನೂ ಕೊಡದೆ "ಸಮಾಧಾನದಿಂದ ಹೋಗು, ಬೆಚ್ಚಗಿರು, ಹೊಟ್ಟೆತುಂಬ ಊಟಮಾಡು" ಅಂದರೆ ಏನು ಪ್ರಯೋಜನ ಅಂತ. ನಮ್ಮ ಎಷ್ಟೋ ಮಧ್ಯಸ್ಥಿಕೆಗಳು ಹಾಗೇ ಇವೆ, ಅಲ್ವಾ? "ಬಡವರಿಗೆ ಆಹಾರ ಕೊಡು, ಒಂಟಿಯಾದವರಿಗೆ ಜೊತೆಯಾಗು" ಅಂತ ದೇವರ ಮೇಲೆ ಹಾಕಿ ನಾವು ಕೂತುಬಿಡುತ್ತೇವೆ.

ಇದಕ್ಕೆ ಸರಳವಾದ ನಿಯಮ: ಸೇವೆಯ ಪ್ರಾರ್ಥನೆಯಲ್ಲಿ ಪ್ರತಿ ಬೇಡಿಕೆಗೂ "ನಾವು" ಮಾಡುವ ಒಂದು ಕೆಲಸ ಸೇರಲಿ. "ಹಸಿದವರಿಗೆ ಊಟ ಸಿಗಲಿ, ಹಂಚುವ ಕೈ ನಮ್ಮದಾಗಲಿ." "ಸೆರೆಯಲ್ಲಿರುವವರನ್ನು ನೆನಪಿಡು, ಅವರ ಮನೆಯವರನ್ನು ನಾವು ದೂರ ಇಡದಂತೆ ಮಾಡು." ಮತ್ತಾಯ 25ನೇ ಅಧ್ಯಾಯ ಓದಿಕೊಂಡರೆ ಸಾಲುಗಳು ತಾವಾಗಿ ಹುಟ್ಟುತ್ತವೆ: ಹಸಿವು, ಬಾಯಾರಿಕೆ, ಪರದೇಶಿ, ಬಟ್ಟೆ, ಕಾಯಿಲೆ, ಸೆರೆ.

ಪ್ರತಿ ವರ್ಷ ಮಾರ್ಚ್ ತಿಂಗಳ ಮೊದಲ ಶುಕ್ರವಾರ ನಡೆಯುವ ವಿಶ್ವ ಪ್ರಾರ್ಥನಾ ದಿನವನ್ನು ಕ್ರೈಸ್ತ ಮಹಿಳೆಯರು ನಡೆಸುತ್ತಾರೆ. ಒಂದೊಂದು ವರ್ಷ ಒಂದೊಂದು ದೇಶದ ಮಹಿಳೆಯರು ಆರಾಧನಾ ಕ್ರಮ ಬರೆಯುತ್ತಾರೆ. ಅವರ ಧ್ಯೇಯದ ಸಾರ ಇಷ್ಟು: ವಿಷಯ ತಿಳಿದುಕೊಂಡು ಪ್ರಾರ್ಥಿಸುವುದು, ಪ್ರಾರ್ಥಿಸಿದ ಮೇಲೆ ಕೆಲಸಕ್ಕೆ ಇಳಿಯುವುದು. ನಾನು ಇದರ ಮೊದಲರ್ಧಕ್ಕೆ ಒತ್ತು ಕೊಡುತ್ತೇನೆ. ಯಾವುದೋ ದೇಶದ ಯುದ್ಧಕ್ಕಾಗಿ ಪ್ರಾರ್ಥಿಸುವ ಮುನ್ನ ಅಲ್ಲಿ ಏನು ನಡೆಯುತ್ತಿದೆ ಅಂತ ಅರ್ಧ ಗಂಟೆ ಓದಿಕೊಳ್ಳಿ. ಆಗ "ಲೋಕದಲ್ಲಿ ಶಾಂತಿ ಇರಲಿ" ಅನ್ನುವ ಸವೆದ ಸಾಲಿನ ಬದಲು ನಿಜವಾದ ಸಾಲು ಸಿಗುತ್ತದೆ.

ಇಲ್ಲಿ ಎರಡು ಗುಂಡಿಗಳಿವೆ. ಒಂದು, ಬಡವರು, ಅಂಗವಿಕಲರು, ವಲಸೆ ಬಂದವರು ಎಲ್ಲೋ ಹೊರಗಿದ್ದಾರೆ ಅನ್ನುವ ಹಾಗೆ "ಅವರು" ಅಂತ ಮಾತಾಡುವುದು. ಅವರಲ್ಲಿ ಕೆಲವರು ಮೂರನೇ ಸಾಲಿನಲ್ಲಿ ಕೂತಿರುತ್ತಾರೆ. "ನಮ್ಮಲ್ಲಿ ಕೆಲಸ ಕಳೆದುಕೊಂಡವರು" ಅನ್ನಿ. ಎರಡು, ಸೇವೆ ಅಂದರೆ ವೇದಿಕೆಯ ಮೇಲಿನವರದ್ದು ಮಾತ್ರ ಅನ್ನಿಸುವುದು. ಬೋಧಕರು, ಗಾಯಕವೃಂದ, ಸಮಿತಿಯವರು ಪ್ರತಿ ವಾರ ಬರುತ್ತಾರೆ. ಕುರ್ಚಿ ಜೋಡಿಸುವವರು, ಶೌಚಾಲಯ ತೊಳೆಯುವವರು, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು? ಸೋಮವಾರದಿಂದ ಶನಿವಾರದವರೆಗಿನ ದುಡಿಮೆಯೂ ಸೇವೆಯೇ. ನರ್ಸ್, ಡ್ರೈವರ್, ಶಿಕ್ಷಕಿ, ಅಂಗಡಿಯವರು, ಸರದಿಯ ಮೇಲೆ ಒಂದೊಂದು ವಾರ ಒಂದೊಂದು ಕೆಲಸದವರನ್ನು ಹೆಸರಿಸಿ.

ಐಕ್ಯತೆಗೆ

ಮೂರರಲ್ಲಿ ಇದೇ ಕಷ್ಟದ್ದು. ಕಷ್ಟ ಇರುವುದು ಪದಗಳಲ್ಲಿ ಅಲ್ಲ, ಪ್ರಾಮಾಣಿಕತೆಯಲ್ಲಿ.

ಯೋಹಾನ 17ರಲ್ಲಿ ಯೇಸು ತನ್ನವರೆಲ್ಲರೂ ಒಂದಾಗಿರಲಿ, ಲೋಕ ನಂಬಲಿ ಅಂತ ಪ್ರಾರ್ಥಿಸುತ್ತಾನೆ. ನಮ್ಮ ಪ್ರಾರ್ಥನೆಗಳಲ್ಲಿ ಇದು ಬೇಗ ಬೇರೆ ರೂಪ ಪಡೆಯುತ್ತದೆ: "ದಾರಿ ತಪ್ಪಿದ ಸಭೆಗಳು ಸತ್ಯಕ್ಕೆ ಬರಲಿ." ಅಂದರೆ ಅವರೆಲ್ಲ ನಮ್ಮ ಹಾಗೆ ಆಗಲಿ ಅಂತ. ಇದನ್ನು ಐಕ್ಯತೆಯ ಪ್ರಾರ್ಥನೆ ಅನ್ನಲಾಗದು. ಪೂರ್ವದ ಆರ್ಥಡಾಕ್ಸ್ ಆರಾಧನೆಯ ಆರಂಭದಲ್ಲಿ ಬರುವ ದೊಡ್ಡ ಲಿಟನಿಯನ್ನು ನೋಡಿ. ಇಡೀ ಲೋಕದ ಶಾಂತಿಗಾಗಿ, ದೇವರ ಸಭೆಗಳ ಸ್ಥಿರತೆಗಾಗಿ, ಎಲ್ಲರ ಒಗ್ಗಟ್ಟಿಗಾಗಿ ಅಂತ ಬೇಡುತ್ತಾರೆ. ಜನ "ಕರ್ತನೇ, ಕರುಣಿಸು" ಅನ್ನುತ್ತಾರೆ. ಯಾರ ಮೇಲೂ ಬೆರಳು ತೋರುವುದಿಲ್ಲ.

ಇನ್ನೂ ಅಪಾಯದ್ದು ಸಭೆಯೊಳಗಿನ ಜಗಳ. "ನಮ್ಮ ಮಧ್ಯೆ ಒಡಕು ತರುತ್ತಿರುವ ಕೆಲವರ ಮನಸ್ಸನ್ನು ಮುಟ್ಟು, ಕರ್ತನೇ" ಅಂದಾಗ ಆ ಕೆಲವರು ಯಾರು ಅಂತ ಎಲ್ಲರಿಗೂ ಗೊತ್ತು. ಕಣ್ಣು ಮುಚ್ಚಿ ಆಡಿದ ಮಾತಿಗೆ ಯಾರೂ ತಿರುಗಿ ಉತ್ತರ ಕೊಡಲಾಗದು, ಅದಕ್ಕೇ ಅದು ಅನ್ಯಾಯ. ಲೂಕ 18ರ ಫರಿಸಾಯನೂ ದೇವಾಲಯದಲ್ಲಿ ನಿಂತು ಪಕ್ಕದವನನ್ನು ತೋರಿಸಿಯೇ ಪ್ರಾರ್ಥಿಸಿದ್ದು. ಜಗಳದಲ್ಲಿ ನೀವೂ ಒಂದು ಕಡೆಯವರಾಗಿದ್ದರೆ ಈ ಪ್ರಾರ್ಥನೆ ಬೇರೆಯವರಿಗೆ ಬಿಟ್ಟುಕೊಡಿ. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ರಾಜಿಯಾಗು ಅನ್ನುವ ಮತ್ತಾಯ 5ರ ಮಾತು ಪ್ರಾರ್ಥನೆ ನಡೆಸುವವರಿಗೂ ಅನ್ವಯಿಸುತ್ತದೆ.

ಹಾಗಾದರೆ ಏನು ಹೇಳುವುದು? ತಪ್ಪನ್ನು "ನಾವು" ಅಂತ ಹೊತ್ತುಕೊಂಡು ಹೇಳುವುದು:

ಸಮಾಧಾನದ ದೇವರೇ,
ಕ್ರಿಸ್ತನಲ್ಲಿ ನೀನು ನಮ್ಮನ್ನು ಒಂದೇ ದೇಹವಾಗಿ ಮಾಡಿದ್ದೀ.
ಕೇಳಿಸಿಕೊಳ್ಳುವ ಮೊದಲೇ ತೀರ್ಪು ಕೊಟ್ಟಿದ್ದೇವೆ, ಕ್ಷಮಿಸು.
ನಮ್ಮ ಗುಂಪಿನವರನ್ನು ಮಾತ್ರ ಹತ್ತಿರ ಕರೆದಿದ್ದೇವೆ, ಕ್ಷಮಿಸು.
ಒಪ್ಪದೆ ಇದ್ದಾಗಲೂ ಒಂದೇ ಮೇಜಿನ ಮುಂದೆ ಕೂರಲು ಕಲಿಸು.
ಮೊದಲ ಮಾತು ಆಡುವ ಧೈರ್ಯ ನಮಗೇ ಕೊಡು.
ಯೇಸು ಕ್ರಿಸ್ತನ ಮೂಲಕ ಬೇಡುತ್ತೇವೆ. ಆಮೆನ್.

ಬೇರೆ ಬೇರೆ ಸಭೆಗಳು ಸೇರುವ ಆರಾಧನೆಯನ್ನು ನಡೆಸುವವರಿಗೆ ಒಂದಷ್ಟು ಹೆಚ್ಚಿನ ಮಾತು. ಕ್ರೈಸ್ತ ಐಕ್ಯತೆಗಾಗಿ ಪ್ರಾರ್ಥನಾ ವಾರ ಜನವರಿ 18ರಿಂದ 25ರವರೆಗೆ ನಡೆಯುತ್ತದೆ. ಭೂಗೋಳದ ದಕ್ಷಿಣಾರ್ಧದಲ್ಲಿ ಅನೇಕ ಕಡೆ ಪಂಚಾಶತ್ತಮ ಹಬ್ಬದ ಹೊತ್ತಿಗೆ ಇಟ್ಟುಕೊಳ್ಳುತ್ತಾರೆ. 1908ರಲ್ಲಿ ಅಮೆರಿಕದ ಪಾದ್ರಿ ಪಾಲ್ ವಾಟ್ಸನ್ ಎಂಟು ದಿನಗಳ ಪ್ರಾರ್ಥನೆಯಾಗಿ ಇದನ್ನು ಶುರುಮಾಡಿದರು. 1930ರ ದಶಕದಲ್ಲಿ ಫ್ರಾನ್ಸಿನ ಪಾದ್ರಿ ಪಾಲ್ ಕುಟುರಿಯೇ ಇದಕ್ಕೆ ಹೊಸ ತಿರುವು ಕೊಟ್ಟರು: ಉಳಿದವರು ನಮ್ಮ ಕಡೆ ಬರಲಿ ಅಂತ ಅಲ್ಲ, ಕ್ರಿಸ್ತನು ಬಯಸುವ ಐಕ್ಯತೆ ಆತ ಬಯಸುವ ರೀತಿಯಲ್ಲೇ ಬರಲಿ ಅಂತ ಬೇಡೋಣ. ಒಬ್ಬರ ಪ್ರಾರ್ಥನೆಗೆ ಉಳಿದವರೂ ಆಮೆನ್ ಅನ್ನಲು ಸಾಧ್ಯವಾದದ್ದು ಆ ತಿರುವಿನಿಂದಲೇ.

ಇಂಥ ಕೂಟದಲ್ಲಿ ಎಡವುವುದು ಚಿಕ್ಕ ವಿಷಯಗಳಲ್ಲಿ. ಕರ್ತನ ಪ್ರಾರ್ಥನೆಯನ್ನೇ ತೆಗೆದುಕೊಳ್ಳಿ. ಕ್ಯಾಥೊಲಿಕರು "ಕೇಡಿನಿಂದ ನಮ್ಮನ್ನು ತಪ್ಪಿಸು" ಅನ್ನುವ ಅರ್ಥದ ಸಾಲಿಗೆ ನಿಲ್ಲಿಸುತ್ತಾರೆ, ಪ್ರಾಟೆಸ್ಟೆಂಟರು "ರಾಜ್ಯವೂ ಬಲವೂ ಮಹಿಮೆಯೂ" ಅಂತ ಮುಂದುವರಿಯುತ್ತಾರೆ. ಮಾತುಗಳೂ ಸಭೆಯಿಂದ ಸಭೆಗೆ ಬೇರೆ. ಒಂದೇ ಪಾಠವನ್ನು ಹಾಳೆಯಲ್ಲಿ ಅಚ್ಚುಹಾಕಿಸಿ ಅಥವಾ ಪರದೆಯ ಮೇಲೆ ಹಾಕಿಸಿ, ಎಲ್ಲಿಗೆ ನಿಲ್ಲುತ್ತದೆ ಅಂತ ಮೊದಲೇ ಹೇಳಿ. ಸಂತರ ಬಿನ್ನಹ, ಅನ್ಯಭಾಷೆಯ ಪ್ರಾರ್ಥನೆ ಇಂಥವು ಒಂದು ಸಭೆಗೆ ಸಹಜ, ಇನ್ನೊಂದಕ್ಕೆ ಕಷ್ಟ. ಅವು ತಪ್ಪು ಅಂತ ಅಲ್ಲ, ಜಂಟಿ ಪ್ರಾರ್ಥನೆಯಲ್ಲಿ ಎಲ್ಲರ ಬಾಯಿಗೆ ಬರುವ ಮಾತಿರಲಿ. ಬರೆದ ಪ್ರಾರ್ಥನೆಯನ್ನು ಬೇರೆ ಸಭೆಯ ಒಬ್ಬರಿಗೆ ಮೊದಲೇ ಓದಲು ಕೊಡಿ.

ಹಂತ 6: ಪ್ರತ್ಯುತ್ತರ ಮತ್ತು ಮೌನ

ಪ್ರತ್ಯುತ್ತರ ಚಿಕ್ಕದಿರಲಿ, ಐದು ಪದ ದಾಟದಿರಲಿ. "ಕರ್ತನೇ, ಕರುಣಿಸು", "ಪ್ರಭುವೇ, ನಮ್ಮ ಮೊರೆಯನ್ನು ಆಲಿಸು", ಇಷ್ಟು. ಯಾವಾಗ ಹೇಳಬೇಕು ಅಂತ ಜನರಿಗೆ ಗೊತ್ತಾಗಲು ಪ್ರತಿ ಬೇಡಿಕೆಯನ್ನೂ ಒಂದೇ ಮಾತಿನಿಂದ ಮುಗಿಸಿ, ಉದಾಹರಣೆಗೆ "ನಿನ್ನನ್ನು ಬೇಡುತ್ತೇವೆ." ಒಮ್ಮೆ ಹೀಗೆ, ಒಮ್ಮೆ ಹಾಗೆ ಮುಗಿಸಿದರೆ ಜನ ತಡವರಿಸುತ್ತಾರೆ. ಶುರುವಿನಲ್ಲಿ ಒಂದು ಸಲ ಹೇಳಿಸಿ ಅಭ್ಯಾಸ ಮಾಡಿಸಿ.

ಮೌನದ ವಿಷಯದಲ್ಲಿ ಶುಭ ಶುಕ್ರವಾರದ ರೋಮನ್ ವಿಧಿ ಚೆನ್ನಾಗಿದೆ. ಅಲ್ಲಿನ ಹತ್ತು ದೊಡ್ಡ ಬಿನ್ನಹಗಳಲ್ಲಿ ಪ್ರತಿಯೊಂದೂ ಮೂರು ಹೆಜ್ಜೆ: ಯಾರಿಗಾಗಿ ಅಂತ ಹೇಳುವುದು, ಮೌನ, ಆಮೇಲೆ ಪ್ರಾರ್ಥನೆ. ಜನ ಆ ಮೌನದಲ್ಲಿ ತಾವೇ ಪ್ರಾರ್ಥಿಸುತ್ತಾರೆ, ನಡೆಸುವವರ ಮಾತು ಅದನ್ನೆಲ್ಲ ಒಟ್ಟುಗೂಡಿಸುತ್ತದೆ. ಹೆಸರು ಹೇಳಲಾಗದ ನೋವುಗಳಿಗೆಲ್ಲ ಈ ಮೌನವೇ ಜಾಗ. ಹತ್ತು ಸೆಕೆಂಡಾದರೂ ಬಿಡಿ. ನಿಂತವರಿಗೆ ಅದು ಬಹಳ ಉದ್ದ ಅನ್ನಿಸುತ್ತದೆ, ಕೂತವರಿಗೆ ಅನ್ನಿಸುವುದಿಲ್ಲ. ಮನಸ್ಸಿನಲ್ಲೇ ಎಣಿಸಿ. ಕೀಬೋರ್ಡ್ ನುಡಿಸುವವರಿಗೂ ಮೊದಲೇ ಹೇಳಿಡಿ, ಇಲ್ಲದಿದ್ದರೆ ಆ ಜಾಗವನ್ನು ಅವರು ತುಂಬಿಬಿಡುತ್ತಾರೆ.

ಹಂತ 7: ಮಾತನ್ನು ಸೋಸುವುದು

ಬರೆದ ಮೇಲೆ ಇವನ್ನು ಹುಡುಕಿ ತೆಗೆಯಿರಿ.

"ನಾನು". ಸಭೆಯ ಪ್ರಾರ್ಥನೆಯಲ್ಲಿ "ನಾನು ಬೇಡುತ್ತೇನೆ" ಬೇಡ. ಯೇಸು ಕಲಿಸಿದ್ದೂ "ನಮ್ಮ ತಂದೆಯೇ" ಅಂತಲೇ.

"ನೀನು", "ನೀವು", "ತಾವು" ಇವುಗಳ ಕಲಬೆರಕೆ. "ನೀನು ನಮ್ಮನ್ನು ಕರೆದಿದ್ದೀರಿ" ಅನ್ನುವಂಥ ಸಾಲುಗಳು ಬಾಯಿತಪ್ಪಿ ಬರುತ್ತವೆ. ನಿಮ್ಮ ಸಭೆಯ ರೂಢಿ ಯಾವುದೋ ಅದನ್ನು ಹಿಡಿದು ಕೊನೆಯವರೆಗೂ ಅದರಲ್ಲೇ ಇರಿ.

ಯಾರನ್ನು ಕರೆಯುತ್ತಿದ್ದೀರಿ ಅನ್ನುವ ಗೊಂದಲ. "ತಂದೆಯೇ" ಅಂತ ಶುರುಮಾಡಿ ನಡುವೆ "ನಮಗಾಗಿ ಶಿಲುಬೆಯಲ್ಲಿ ಪ್ರಾಣಕೊಟ್ಟೆ" ಅಂದರೆ ಮಾತು ತಂದೆಯಿಂದ ಮಗನಿಗೆ ಜಾರಿತು. ಸಾಮಾನ್ಯ ದಾರಿ: ತಂದೆಗೆ, ಮಗನ ಮೂಲಕ, ಪವಿತ್ರಾತ್ಮನ ನೆರವಿನಿಂದ. ಯೇಸುವಿಗೇ ಪ್ರಾರ್ಥಿಸುತ್ತಿದ್ದರೆ ಪೂರ್ತಿ ಆತನಿಗೇ ಇರಲಿ.

ತುಂಬುಮಾತು. ಎರಡು ಪದಕ್ಕೊಮ್ಮೆ "ಕರ್ತನೇ", "ತಂದೆಯೇ", "ಸ್ತೋತ್ರ". ಉಸಿರು ಎಳೆದುಕೊಳ್ಳಲು ಬಳಸುವ ಮಾತುಗಳಿವು. ಬರೆದು ಓದಿದರೆ ತಾವಾಗಿ ಕಡಿಮೆಯಾಗುತ್ತವೆ.

ದೇವರಿಗೆ ಸುದ್ದಿ ಓದುವುದು. "ಕರ್ತನೇ, ಬರುವ ಶನಿವಾರ ಸಂಜೆ ಐದಕ್ಕೆ ನಡೆಯಲಿರುವ ಯುವಕರ ಕೂಟವನ್ನು..." ಅದು ಪ್ರಕಟಣೆ, ಅದರ ಜಾಗ ಬೇರೆ. ಹಾಗೇ ಬೋಧನೆಯಲ್ಲಿ ಬಿಟ್ಟುಹೋದದ್ದನ್ನು ಪ್ರಾರ್ಥನೆಯಲ್ಲಿ ಸೇರಿಸುವುದೂ ಬೇಡ.

ಪ್ರಾರ್ಥನಾ ಭಾಷೆ ಅಂತ ನಾವು ಅಂದುಕೊಂಡ ಭಾರೀ ಪದಗಳು. ಹತ್ತು ವರ್ಷದ ಮಗುವಿಗೆ ಅರ್ಥವಾಗದ ಪದವನ್ನು ಬದಲಿಸಿ. "ಕೃಪೆ", "ರಕ್ಷಣೆ" ಇವು ಇರಲಿ, ಇವು ನಮ್ಮ ಮನೆಮಾತೇ ಆಗಿವೆ.

ಬರೆದು ಓದುವುದು ಸರಿಯಾ ಅಂತ ಕೇಳುವವರಿಗೆ: ಸರಿ. ಬರೆಯುವಾಗಲೂ ಪವಿತ್ರಾತ್ಮ ನಡೆಸಬಲ್ಲ. ನಿಮ್ಮ ಸಭೆಯಲ್ಲಿ ಹಾಳೆ ಹಿಡಿಯುವ ರೂಢಿ ಇಲ್ಲದಿದ್ದರೆ ತಲೆಬರಹಗಳನ್ನು ಮಾತ್ರ ಚೀಟಿಯಲ್ಲಿ ಇಟ್ಟುಕೊಳ್ಳಿ. ಆದರೆ ಮನೆಯಲ್ಲಿ ಪೂರ್ತಿ ಬರೆದೇ ಅಭ್ಯಾಸ ಮಾಡಿ.

ಹಂತ 8: ಜೋರಾಗಿ ಓದಿ, ಕತ್ತರಿಸಿ

ಗಡಿಯಾರ ಇಟ್ಟುಕೊಂಡು ಓದಿ. ಮಧ್ಯಸ್ಥಿಕೆಗೆ ಐದು ನಿಮಿಷ ಸಾಕು. ಮೌನವೂ ಸೇರಿದರೆ ಸುಮಾರು 300 ಪದ. ನಾಲಿಗೆ ತೊಡರುವ ಸಾಲನ್ನು ಎರಡಾಗಿ ಮುರಿಯಿರಿ. ಮಾತು ಜಾಸ್ತಿಯಾದರೆ ದೇವರು ಕೇಳುತ್ತಾನೆ ಅಂದುಕೊಳ್ಳಬೇಡಿ ಅಂತ ಮತ್ತಾಯ 6ರಲ್ಲಿ ಯೇಸು ಹೇಳಿದ ಮೇಲೆ ಕಲಿಸಿದ ಪ್ರಾರ್ಥನೆ ಅರ್ಧ ನಿಮಿಷದ್ದು.

ಆಮೇಲೆ ಮುಲಾಜಿಲ್ಲದೆ ಹೇಳುವ ಆ ಒಬ್ಬರಿಗೆ ಓದಿ ಹೇಳಿ. ಎಲ್ಲಿ ಅವರ ಮನಸ್ಸು ಬೇರೆ ಕಡೆ ಹೋಯಿತು ಅಂತ ಕೇಳಿ. ಆ ಭಾಗ ಕತ್ತರಿಸಿ.

ಹಂತ 9: ಆ ದಿನ

ಸ್ವಲ್ಪ ಮುಂಚೆ ಹೋಗಿ ಮೈಕ್ ಎಲ್ಲಿದೆ, ಎತ್ತರ ಸರಿ ಇದೆಯಾ ನೋಡಿ. ಆ ಬೆಳಗ್ಗೆ ಏನಾದರೂ ಸಾವು ನೋವಿನ ಸುದ್ದಿ ಬಂದಿದೆಯಾ ಅಂತ ಸಭಾಪಾಲಕರನ್ನು ಕೇಳಿ. ಹೊಸ ಹೆಸರು ಸೇರಿಸಬೇಕಾದರೆ ಉಚ್ಚಾರ ಖಚಿತಮಾಡಿಕೊಳ್ಳಿ. ಪ್ರಾರ್ಥನೆಗೆ ಮುನ್ನ ಭಾಷಣ ಬೇಡ, "ಪ್ರಾರ್ಥಿಸೋಣ" ಸಾಕು. ನಿಮಗೆ ನಿಧಾನ ಅನ್ನಿಸುವುದಕ್ಕಿಂತಲೂ ನಿಧಾನವಾಗಿ ಓದಿ. ದನಿ ನಡುಗಿದರೆ ನಿಲ್ಲಿ, ಉಸಿರು ತೆಗೆದುಕೊಂಡು ಮುಂದುವರಿಯಿರಿ. ಯಾರೂ ಗಮನಿಸುವುದಿಲ್ಲ.

ಕೊನೆಯಲ್ಲಿ ಆಮೆನ್ ಅನ್ನು ನೀವೇ ಮೈಕಿನಲ್ಲಿ ಕೂಗಿ ಜನರ ದನಿಯನ್ನು ಮುಳುಗಿಸಬೇಡಿ. ಮುಗಿತಾಯದ ಸಾಲು ಸ್ಪಷ್ಟವಾಗಿದ್ದರೆ ಅವರೇ ಹೇಳುತ್ತಾರೆ.

ಹಂತ 10: ಮುಗಿದ ಮೇಲೆ

ಹೆಸರುಗಳಿರುವ ಹಾಳೆಯನ್ನು ವೇದಿಕೆಯ ಮೇಲೆ ಬಿಟ್ಟುಬರಬೇಡಿ. ಮನೆಗೆ ಒಯ್ದು ಹರಿದುಹಾಕಿ. ಫೋನಿನಲ್ಲಿ ಬರೆದಿದ್ದರೆ ಅಳಿಸಿ, ಗ್ರೂಪುಗಳಿಗೆ ಕಳಿಸಬೇಡಿ. ಯಾರಿಗಾಗಿ ಪ್ರಾರ್ಥಿಸಿದಿರೋ ಅವರಲ್ಲಿ ಒಬ್ಬರಿಗಾದರೂ ಆ ವಾರ ಫೋನ್ ಮಾಡಿ. ಗುಣವಾದವರು, ಕೆಲಸ ಸಿಕ್ಕವರು ಇದ್ದರೆ ಅವರನ್ನು ಕೇಳಿಕೊಂಡು ಮುಂದಿನ ವಾರ ಕೃತಜ್ಞತೆಯ ಕಡೆಗೆ ಸೇರಿಸಲು ತಿಳಿಸಿ. ಬಹಳ ಪಟ್ಟಿಗಳಲ್ಲಿ ಹೆಸರು ಸೇರುತ್ತದೆ, ಹೊರಗೆ ಬರುವುದೇ ಇಲ್ಲ. ಹೆಸರಿಲ್ಲದ ಭಾಗವನ್ನು ಒಂದು ಫೈಲಿನಲ್ಲಿ ತಾರೀಖು ಹಾಕಿ ಇಡಿ. ಮುಂದಿನ ಸರದಿ ಬಂದವರು ಕೇಳಿದಾಗ ಅದನ್ನು ಕೊಡಬಹುದು.